ಉದ್ದೇಶ: ಇತರೆ

ಹಳೆ ಬಂದರಿನ ಕಚೇರಿಯಲ್ಲಿ ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ.
ಹುಲ್ಲೂರರು ಅರ್ಜಿಯನ್ನು ನನ್ನ ಕಡೆ ತಿರುಗಿಸಿ
ಬೆರಳಿಟ್ಟ ಜಾಗ: ದೋಣಿಯ ಉದ್ದೇಶ.
ಮೀನುಗಾರಿಕೆ. ಸರಕು. ಪ್ರಯಾಣಿಕರು. ಮರಳು.
ಅಡಿಯಲ್ಲಿ, ಇರುವೆಯ ಕಾಲಿನಷ್ಟು ಸಣ್ಣಗೆ, ಇತರೆ.

ಸುಮ್ಮನೆ ತಿರುಗಲಿಕ್ಕೆ, ಎಂದೆ.
'ಸುಮ್ಮನ ಅನ್ನೂ ಕಾಲಂ ಇಲ್ರಿ.
ಸುಮ್ಮನ ಯಾರ್ ದೋಣಿ ಇಟಗೋತಾರ್ರೀ?'
ಬಿಜಾಪುರದವರು. ಬಂದು ಮೂರು ವರ್ಷ,
ಇನ್ನೂ ಹೊಳೆಗೆ ಬೆನ್ನು ಹಾಕಿಯೇ ಕೂರುತ್ತಾರೆ.

ಅವರಿಗೆ ನಾನು ಹೇಳಲಿಲ್ಲ,
ಮೂವತ್ತೊಂದು ವರ್ಷ ವಿಮೆ ಕಂಪೆನಿಯ ಪರವಾಗಿ
ಬೇರೆಯವರ ದೋಣಿಗಳ ಸಾವಿಗೆ ಬೆಲೆ ಕಟ್ಟಿದವಳು ನಾನೆಂದು.
ಅಳಿವೆ ಬಾಗಿಲಲ್ಲಿ ಹೊಯ್ಗೆಗೆ ಮೂಗು ಹುಗಿದ ಟ್ರಾಲರು,
ಎಂಜಿನಿನೊಳಗೆ ಏಡಿ ಸಂಸಾರ ಹೂಡಿದ ಪರ್ಸಿನ್ ಬೋಟು,
ಲಕ್ಷದ್ವೀಪಕ್ಕೆಂದು ಹೊರಟು
ಹೊಟ್ಟೆಯ ಸಿಮೆಂಟೆಲ್ಲ ಕಲ್ಲಾಗಿ ಮರಳಿದ ಮಂಜಿ.
ಚೂಡಿದಾರದ ಕಾಲು ಮಡಚಿ, ಟಾರ್ಚು ಹಲ್ಲಲ್ಲಿ ಕಚ್ಚಿ,
ತಳವನ್ನು ಸುತ್ತಿಗೆಯಿಂದ ತಟ್ಟಿ ಕೇಳುತ್ತಿದ್ದೆ.
ಗಟ್ಟಿ ಇದ್ದದ್ದು ಟಣ್ ಎನ್ನುತ್ತದೆ,
ಸತ್ತದ್ದು ದೊಪ್.
ಎಲ್ಲಿ ಹೊಡೆದರೂ ದೊಪ್ ಎಂದರೆ ಬರೆಯುವುದು ಎರಡೇ ಶಬ್ದ:
ಪೂರ್ಣ ನಷ್ಟ.
ಯಜಮಾನರು ಅಳುವಾಗ ನಾನು ಪೆನ್ನಿನ ಮುಚ್ಚಳ ಹಾಕುತ್ತಿದ್ದೆ.

ನನ್ನದು ಇಪ್ಪತ್ತಾರು ಅಡಿ, ಫೈಬರಿನದು. ಕಾರವಾರದಿಂದ ತಂದದ್ದು.
ಎರಡು ಮಂಚ, ಒಂದು ಒಲೆ, ಹೊಲಿಗೆ ಹಾಕಿದ ಹಾಯಿ.
ಕೊಳ್ಳುವುದು ಸುಲಭ ಮಾರಾಯ್ರೆ, ಕಟ್ಟುವುದೇ ಕಷ್ಟ.
ಅಡಿಗೆ ಇಷ್ಟೆಂದು ತಿಂಗಳ ಬಾಡಿಗೆ.
ಮೂತಿಯಿಂದ ಮುಂದೆ ಚಾಚಿದ ಕಂಬಿಯನ್ನೂ ಸೇರಿಸಿ ಅಳೆದರು,
ಒಂದೂವರೆ ಅಡಿ ಗಾಳಿಗೂ ರಶೀದಿ ಉಂಟು ನನ್ನಲ್ಲಿ.
ಬ್ಯಾಟರಿ, ಪಂಪು, ಕಾವಲಿನವನ ಸಂಬಳ,
ಕಾವಲಿನವನ ತಂಗಿಯ ಮದುವೆ.
ಚಿಪ್ಪು ಹಿಡಿಯದಂತೆ ತಳಕ್ಕೆ ಬಳಿಯುವ ಬಣ್ಣದ ದರ
ಅಕ್ಕನಿಗೆ ಕೇಳಿದರೆ ಅರ್ಧ ಹೇಳಿದ್ದೇನೆ.

ಆದರೂ ಪಚ್ಚಿಲೆ ಹಿಡಿಯಿತು.
ದೂಮಣ್ಣ ಕುಂದರ್ ಮುಳುಗಿ, ಕೆರೆದು, ಬಾಲ್ದಿ ತುಂಬಿ ಮೇಲೆ ಕೊಟ್ಟ.
'ನೋಡಿ ಸೆವ್ರಿನ್ ಬಾಯಿ, ನಿಮ್ಮ ಠೇವಣಿಗೆ ಬಡ್ಡಿ.'
ವಿಷದ ಬಣ್ಣದ ಮೇಲೆ ಬೆಳೆದದ್ದು,
ಸುಕ್ಕಕ್ಕೂ ಆಗದ ಬಡ್ಡಿ.

ನಿಯಮಗಳ ಹಾಳೆ ಗೋಡೆಯ ಮೇಲೆ, ಉಪ್ಪುಗಾಳಿಗೆ ಒತ್ತಕ್ಷರ ಉದುರಿವೆ.
ಮೀನಿನ ಬೋಟು ಬಂದರೆ ಜಾಗ ಬಿಡಬೇಕು, ನಡುರಾತ್ರಿಯಾದರೂ.
ಇನ್ನೊಬ್ಬರ ಗೂಟಕ್ಕೆ ಹಗ್ಗ ಹಾಕಬಾರದು.
ದೋಣಿಯಲ್ಲಿ ಮಲಗಬಾರದು.
ಮಲಗಿದ್ದೇನೆ.
ಮಳೆಗಾಲಕ್ಕೆ ಮೊದಲು ನೀರು ಬಿಟ್ಟು ದಡ ಹತ್ತಬೇಕು,
ಕ್ರೇನಿಗೆ ಗಂಟೆಯ ಲೆಕ್ಕ, ಕ್ರೇನಿನವನ ಚಾಕ್ಕೆ ಬೇರೆ ಲೆಕ್ಕ.
ದೂಮಣ್ಣನ ನಿಯಮ ಹಾಳೆಯಲ್ಲಿಲ್ಲ:
'ಬಿಗಿ ಕಟ್ಟಬೇಡಿ. ದಕ್ಕೆ ನಿಂತಲ್ಲೇ ನಿಲ್ಲುತ್ತದೆ, ನೀರು ಇಳಿಯುತ್ತದೆ,
ಬೆಳಿಗ್ಗೆ ಬಂದು ನೋಡಿದರೆ ದೋಣಿ ನೇಣು ಹಾಕಿಕೊಂಡಿರುತ್ತದೆ.'

ಒಂದು ರಾತ್ರಿ ಎರಡಕ್ಕೆ ಟ್ರಾಲರಿನ ಹಾರ್ನು.
ಬೈಗುಳ ತುಳುವಿನಲ್ಲಿ, ಕ್ಷಮೆಯೂ ತುಳುವಿನಲ್ಲಿ.
ಹಗ್ಗ ಬಿಚ್ಚಿ ಹೊಳೆಯ ನಡುವಿಗೆ ಬಂದು ಲಂಗರು ಬಿಟ್ಟೆ.
ಆಚೆ ಬೆಂಗ್ರೆಯಲ್ಲಿ ಒಂದೇ ದೀಪ,
ಯಾರೋ ಬಲೆಯಿಂದ ಬೂತಾಯಿ ಬಿಡಿಸುತ್ತಿದ್ದರು.
ನಿದ್ದೆ ಹಾರಿತ್ತು. ಕೈ ತಾನಾಗಿ ಸುತ್ತಿಗೆ ಹುಡುಕಿತು.
ಟಣ್. ಟಣ್. ಒಲೆಯ ಹತ್ತಿರ ಟಣ್.
ಎಡಮಂಚದ ಕೆಳಗೆ, ಅಂಗೈಯಗಲ,
ದೊಪ್.

ಪುಸ್ತಕ ತೆರೆದೆ. ತಾರೀಕು ಬರೆದೆ.
ಡೀಸೆಲ್ ಬರೆದೆ, ಹಗ್ಗ ಬರೆದೆ.
ಪೆನ್ನಿನ ಮುಚ್ಚಳ ಹಾಕಿದೆ.

ಇವತ್ತು ಪರವಾನಗಿಯ ನವೀಕರಣ.
ಹೊಸ ಸರ್ವೆಯರು, ತೆಳು ಮೀಸೆಯ ಹುಡುಗ,
ನಾನೇ ಕಲಿಸಿದವನಿಗೆ ಶಿಷ್ಯ, ಚಪ್ಪಲಿ ಕಳಚಿ ಹತ್ತಿದ.
ಟಣ್ ಎನ್ನಿಸುತ್ತ, ತಲೆ ವಾಲಿಸಿ ಕೇಳುತ್ತ,
ಇಂಚಿಂಚೇ ಹಿಂದೆ ಬರುತ್ತಿದ್ದಾನೆ. ಒಳ್ಳೆಯ ಕಿವಿ.
ನಾನು ಎಡಮಂಚದಲ್ಲಿ ಕಾಲು ನೀಡಿ ಕುಳಿತು
ಅವನಿಗೆ ಚಾ ಬಗ್ಗಿಸುತ್ತಿದ್ದೇನೆ, ಬಹಳ ನಿಧಾನ.

'ಮೇಡಂ,' ಎನ್ನುತ್ತಾನೆ, ಸುತ್ತಿಗೆ ಗಾಳಿಯಲ್ಲಿ,
'ಸ್ವಲ್ಪ ಏಳ್ತೀರಾ?'